ಒಂದು ಕಿವಿ, ಎರಡು ಪಿಸ್ತೂಲು

ಜೂನ್ 9, ಸೋಮವಾರ

ಎ ಶಿಫ್ಟ್. ಮೂರನೇ ಮಷಿನ್ ಮತ್ತೆ ಕೈಕೊಟ್ಟಿತು. ಮಾತ್ರೆಗಳ ಅಂಚು ಒಡೆಯುತ್ತಿದೆ. ಎರಡು ತಾಸು ಅದರ ಪಕ್ಕದಲ್ಲೇ ನಿಂತೆ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಯಾರೋ ಎಡಗಡೆಯಿಂದ ಉಪ್ಪು ಕೇಳಿದರಂತೆ. ಮೂರು ಸಲ. ನಾನು ಮೊಸರನ್ನ ತಿನ್ನುತ್ತ ಕೂತಿದ್ದೆ. ಮೇಡಂಗೆ ಜಂಬ ಅಂದುಕೊಂಡಿರುತ್ತಾರೆ. ಅಂದುಕೊಳ್ಳಲಿ.

ಸಂಜೆ ಕಿವಿ ಡಾಕ್ಟರ್ ನಿಖಿತಾ. ಮೈಸೂರಿನ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಗ್ರಾಫ್ ಮುಂದಿಟ್ಟು ಪೆನ್ನಿನಿಂದ ತೋರಿಸಿದಳು. ಎಡಗಿವಿ 55. ಬಲಗಿವಿ 25. ಅಂಕಿ ಏರಿದಷ್ಟೂ ಕಿವಿ ಮಂದ.

"ಎಡಗಡೆ ಹೋಗಿರೋದು ವಾಪಸ್ ಬರಲ್ಲ ಶಾಂಭವಿ ಅವರೇ. ಬಲಗಡೆ ಉಳಿಸ್ಕೋಬೇಕು. ಶೂಟಿಂಗ್ ಬಿಟ್ಬಿಡಿ."

"ಫ್ಯಾಕ್ಟರಿ?"

"ಅದು… ಅಲ್ಲಿ ಇಯರ್‌ಪ್ಲಗ್ ಹಾಕ್ಕೊಳ್ಳಿ."

ನೋಡು ಮತ್ತೆ! ಜೀಡಿಮೆಟ್ಲಾದ ನಮ್ಮ ಮಾತ್ರೆ ಫ್ಯಾಕ್ಟರಿಯ ಮಷಿನ್‌ಗಳು ಹದಿನಾಲ್ಕು ವರ್ಷ ಈ ಕಿವಿಯನ್ನು ತಿಂದವು. ಆಗ ಯಾರೂ ಬಿಡು ಅನ್ನಲಿಲ್ಲ. ಭಾನುವಾರ ಎರಡು ತಾಸು ನನ್ನ ಖುಷಿಗೆ ಪಿಸ್ತೂಲು ಹಿಡಿದರೆ ಎಲ್ಲರಿಗೂ ನನ್ನ ಕಿವಿಯ ಮೇಲೆ ಪ್ರೀತಿ ಉಕ್ಕಿ ಬರುತ್ತದೆ.

ಬಿಡುವುದಿಲ್ಲ.

ಜೂನ್ 10

ಇವರಿಗೆ ಹೇಳಿದೆ. ನಮ್ಮ ಯಜಮಾನರು, ಕಾಶಿನಾಥ ಮಾಸ್ತರರು, ಪೇಪರ್ ಕೆಳಗಿಟ್ಟರು. ತಾರ್ನಾಕದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮನುಷ್ಯ, ಶಬ್ದದ ಪಾಠ ಬಾಯಿಪಾಠ. ಒಂದು ಗುಂಡಿಗೆ ಎಷ್ಟು ಡೆಸಿಬೆಲ್ ಅಂತ ಶುರು ಮಾಡಿದರು. ಆಮೇಲೆ ನಿಲ್ಲಿಸಿ, "ನೀ ಕಿವುಡಿ ಆದ್ರ ನಾ ಯಾರ ಕೂಡ ಮಾತಾಡ್ಲಿ?" ಅಂದರು.

ಎದ್ದು ಕುಕ್ಕರ್ ಇಟ್ಟೆ.

ಜೂನ್ 15, ಭಾನುವಾರ

ಕ್ಲಬ್. ಸೆಪ್ಟೆಂಬರಿನಲ್ಲಿ ಸ್ಟೇಟ್ ಮ್ಯಾಚ್. ಇಷ್ಟು ದಿನ ಬೇರೆಯವರು ಆರಿಸಿ ಉಳಿದ ಪಿಸ್ತೂಲಿನಲ್ಲಿ ಹೊಡೆಯುತ್ತಿದ್ದೆ. ಈಗ ಕ್ಲಬ್ಬಿನ ಸಣ್ಣ ಗುಂಡಿನ ಪಾಯಿಂಟ್ ಟೂಟೂ ಪಿಸ್ತೂಲುಗಳಲ್ಲಿ ಒಂದನ್ನು ಆರಿಸಿ ರಿಜಿಸ್ಟರ್‌ನಲ್ಲಿ ಹೆಸರು ಬರೆಸಬೇಕು. ಬರೆಸಿದ ಮೇಲೆ ಈ ಸೀಸನ್ನಿಗೆ ಅದೇ, ಬದಲಾಯಿಸುವ ಹಾಗಿಲ್ಲ.

ಖಾಲಿ ಇರುವುದು ಎರಡು. ಹೊಸದು ಹಗುರ, ಕರೀ ಮಿಂಚು, ನಳಿಗೆಯ ತುದಿಯಲ್ಲಿ ಸಾಲಾಗಿ ತೂತುಗಳು. ಹೊಡೆದಾಗ ಗಾಳಿ ಆ ತೂತಿನಿಂದ ಮೇಲೆ ಹೋಗುತ್ತದೆ, ಪಿಸ್ತೂಲು ಕುಣಿಯುವುದಿಲ್ಲ. ಹಳೆಯದು ಉದ್ದ ನಳಿಗೆ, ತೂತಿಲ್ಲ, ರುಬ್ಬುಗುಂಡಿನಂತೆ ಭಾರ. ಹಿಡಿಯ ಮರ ಯಾರದೋ ಬೆವರಿಗೆ ಕಪ್ಪಾಗಿದೆ.

"ಹೊಸಾದ್ ತಗೋರಿ ಮೇಡಂ, ಕಣ್ಣು ಮುಚ್ಚಿ ತಗೋರಿ," ಅಂದರು ಕೋಚ್ ಅಮರಯ್ಯ. ಲಿಂಗಸುಗೂರಿನವರು, ಮಿಲಿಟರಿಯಿಂದ ಸುಬೇದಾರರಾಗಿ ರಿಟೈರ್ ಆದವರು.

ಫೋನಿನಲ್ಲಿ ನೋಡಿದ ವಿಡಿಯೊ ತೋರಿಸಿದೆ. ಬೇರೆ ದೇಶ. ನನ್ನ ವಯಸ್ಸಿನ ಹೆಂಗಸು ಹಿತ್ತಲಿನಲ್ಲಿ ಡಬ್ಬಿ ಸಾಲಿಟ್ಟು ಹೊಡೆಯುತ್ತಾಳೆ. ಪಿಸ್ತೂಲಿನ ಮೂತಿಗೆ ಕೊಳವೆ. ಸದ್ದು ಬೆಕ್ಕು ಸೀನಿದಷ್ಟು. ಹೊಡೆದು ಪಕ್ಕದವಳ ಜೊತೆ ಮಾತಾಡುತ್ತ ನಗುತ್ತಾಳೆ. ಅದನ್ನು ಹತ್ತು ಸಲ ನೋಡಿದ್ದೇನೆ, ಹೊಟ್ಟೆಕಿಚ್ಚಿನಿಂದ.

"ಇಂಥಾದ್ದು ಸಿಗೂದಿಲ್ಲೇನ್ರಿ?"

ಅಮರಯ್ಯ ಸುತ್ತ ನೋಡಿದರು. "ಸೈಲೆನ್ಸರ್ ಏನ್ರೀ! ಜೈಲಿನ ಊಟ ಮಾಡ್ಬೇಕಂತ ಮಾಡೀರೇನು? ನಮ್ಮ ದೇಶದಾಗ ಆ ಹೆಸರ ಎತ್ತಬ್ಯಾಡ್ರಿ."

ಸರಿ. ಸದ್ದನ್ನು ಮೂತಿಯಲ್ಲಿ ತಡೆಯುವ ಹಾಗಿಲ್ಲ. ಕಿವಿಯಲ್ಲಿ ತಡೆಯೋಣ. ಮತ್ತು ಕಡಿಮೆ ಅರಚುವ ಪಿಸ್ತೂಲು ಆರಿಸೋಣ.

ಜೂನ್ 22, ಭಾನುವಾರ

ಫ್ಯಾಕ್ಟರಿಯ ಸೇಫ್ಟಿ ವಿಭಾಗದಿಂದ ಸದ್ದು ಅಳೆಯುವ ಮೀಟರ್ ಕೇಳಿ ತಂದಿದ್ದೆ. ಅಮರಯ್ಯ ಹೊಸದರಿಂದ ಒಂದು ಹೊಡೆದರು. ಮೀಟರ್ OVER ಅಂತ ತೋರಿಸಿತು. ಹಳೆಯದರಿಂದ ಒಂದು. OVER. ಅಷ್ಟು ದೊಡ್ಡ ಸದ್ದಿಗೆ ಅದು ಮಾಡಿದ್ದೇ ಅಲ್ಲವಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮೈ ಉರಿಯುತ್ತಿತ್ತು.

ಹೋಗಲಿ. ನನ್ನ ಹತ್ತಿರವೇ ಒಂದು ಮೀಟರ್ ಇದೆ. ಎಡಗಿವಿ. ಸದ್ದಾದ ಮೇಲೆ ಅದು ಗುಂಯ್ ಅನ್ನಲು ಶುರು ಮಾಡಿದರೆ, ಎಷ್ಟು ಹೊತ್ತು ಅಂದಿತು ಅಂತ ಲೆಕ್ಕ ಸಿಗುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಕಿವಿ ಮುಚ್ಚುವ ಮಫ್. ಇವತ್ತು ಹೊಸದರಿಂದ ಮೂವತ್ತು ಗುಂಡು.

ಗುಂಯ್ ಮನೆಯವರೆಗೆ ಬಂತು. ಊಟಕ್ಕೂ ಕೂತಿತು.

ಜೂನ್ 29, ಭಾನುವಾರ

ಹಳೆಯದರಿಂದ ಮೂವತ್ತು. ಅದೇ ಗುಂಡು, ಅದೇ ಪ್ಲಗ್, ಅದೇ ಮಫ್. ತೂತಿಲ್ಲದ್ದಕ್ಕೆ ಮುಖಕ್ಕೆ ಗಾಳಿ ಬಡಿಯಲಿಲ್ಲ, ಸದ್ದೂ ಮುಂದಕ್ಕೇ ಹೋಯಿತು. ಬಸ್ಸು ಮೆಹದಿಪಟ್ಟಣಂ ಮುಟ್ಟುವ ಮೊದಲೇ ಗುಂಯ್ ನಿಂತಿತ್ತು. ಕಂಡಕ್ಟರ್ ಟಿಕೆಟ್ ಕೇಳಿದ್ದು ಕೇಳಿಸಿತು!

ಆದರೆ ತೋಳು ಸತ್ತೇ ಹೋಗಿದೆ. ಈ ಪೆನ್ನು ಹಿಡಿಯಲೂ ಆಗುತ್ತಿಲ್ಲ. ಮುನ್ನೂರಕ್ಕೆ ಹೊಸದರಲ್ಲಿ 268, ಇದರಲ್ಲಿ 241.

ಜುಲೈ 6, ಭಾನುವಾರ

ಹಳೆಯದಕ್ಕೇ ಹೆಸರು ಬರೆಸಿದೆ.

ಕ್ಲಬ್ ಸೆಕ್ರೆಟರಿ ಆನಂದಕುಮಾರ ಕನ್ನಡಕದ ಮೇಲಿನಿಂದ ನೋಡಿದರು. "ಆಲೋಚನ ಚೇಸಾರಾ ಮೇಡಂ? ಯೋಚನೆ ಮಾಡಿದಿರಾ? ಅದನ್ನು ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ."

"ನಾ ಮುಟ್ಟೀನಲ್ರಿ," ಅಂದೆ.

ಪಕ್ಕದ ಲೇನಿನ ರೋಹಿತ, ಮಂಗಳೂರಿನ ಸಾಫ್ಟ್‌ವೇರ್ ಹುಡುಗ, ಹೊಸದನ್ನು ಹೆಸರಿಗೆ ಹಚ್ಚಿಕೊಂಡ. ಅವನ ಮುಖ ಅರಳಿದ್ದು ನೋಡಬೇಕಿತ್ತು. ಹಚ್ಚಿಕೊಳ್ಳಲಿ. ಅವನಿಗೆ ಎರಡು ಕಿವಿ ಇವೆ.

ಮನೆಯಲ್ಲಿ ಬೆಳಿಗ್ಗೆ ಸಂಜೆ ನೀರು ತುಂಬಿದ ಲೀಟರ್ ಬಾಟಲಿ ಹಿಡಿದು ತೋಳು ಚಾಚಿ ನಿಲ್ಲುತ್ತೇನೆ. ಇವರು ನೋಡುತ್ತಾರೆ, ಏನೂ ಅನ್ನುವುದಿಲ್ಲ. ಏನೂ ಅನ್ನದಿರುವುದೇ ಜಗಳ.

ಜುಲೈ 13, ಭಾನುವಾರ

ಇವತ್ತಿನದನ್ನು ಬರೆದಿಡಲೇಬೇಕು.

ಪ್ಲಗ್, ಮಫ್ ಎರಡೂ ಹಾಕಿದರೆ ಸೀಟಿ ಕೇಳಿಸುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಹೊಡೆಯುವುದಕ್ಕೂ ಸೀಟಿ, ನಿಲ್ಲಿಸುವುದಕ್ಕೂ ಸೀಟಿ. ನಾನು ಯಾರಿಗೂ ಹೇಳದೆ ಒಂದು ಉಪಾಯ ಮಾಡಿಕೊಂಡಿದ್ದೆ. ಓರೆಗಣ್ಣಿನಲ್ಲಿ ರೋಹಿತನ ತೋಳು. ಅವನು ಎತ್ತಿದರೆ ಎತ್ತುವುದು, ಇಳಿಸಿದರೆ ಇಳಿಸುವುದು. ಮೂರು ವಾರ ನಡೆಯಿತು.

ಇವತ್ತು ನಿಲ್ಲಿಸಿ ಅಂತ ಸೀಟಿ ಆಗಿದೆ. ರೋಹಿತ ಗುರಿ ನೋಡಿಕೊಳ್ಳಲು ಖಾಲಿ ಪಿಸ್ತೂಲನ್ನು ತೋಳು ಇಳಿಸದೆ ಹಾಗೇ ಹಿಡಿದುಕೊಂಡಿದ್ದಾನೆ. ನಾನು ಹೊಡೆದೆ. ಐದನೆಯ ಗುಂಡು. ಎಲ್ಲರೂ ತಿರುಗಿದರು.

ಯಾರೂ ಮುಂದೆ ಹೋಗಿರಲಿಲ್ಲ. ಆ ಕಡೆ ಯಾರೂ ಇರಲಿಲ್ಲ. ಆದರೆ ಹೋಗಿದ್ದರೆ? ಗುರಿಯ ಕಾಗದ ಬದಲಾಯಿಸಲು ಅಮರಯ್ಯ ಒಂದು ಹೆಜ್ಜೆ ಇಟ್ಟಿದ್ದರೆ?

ತಪ್ಪು ನನ್ನದು. ಪೂರ್ತಿ ನನ್ನದು. ಕೇಳಿಸುವುದಿಲ್ಲ ಅಂತ ಹೇಳಲು ನಾಚಿಕೆ, ಅದಕ್ಕೆ ಕಳ್ಳಾಟ.

ಆನಂದಕುಮಾರ ರಿಜಿಸ್ಟರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಅವರ ಮುಂದೆ ಬಾಯಿ ಬಿಟ್ಟು ಹೇಳಿದೆ, ನನಗೆ ಎಡಗಿವಿ ಇಲ್ಲ ಅಂತ. ಆಗಸ್ಟ್ ಹತ್ತಕ್ಕೆ ಟ್ರಯಲ್ ಇದೆ, ಅಲ್ಲಿ ಸೀಟಿಗೆ ಸರಿಯಾಗಿ ಹೊಡೆದು ಆರುನೂರಕ್ಕೆ 510 ಮಾಡಿದರೆ ಮಾತ್ರ ಸ್ಟೇಟ್ ಫಾರ್ಮಿಗೆ ಸಹಿ ಅಂದರು. ಇಲ್ಲದಿದ್ದರೆ ಯೋಗ ಕ್ಲಾಸ್ ಸೇರಿಕೊಳ್ಳಿ ಮೇಡಂ, ಶಾಂತವಾಗಿರುತ್ತದೆ, ಅಂದರು.

ಯೋಗವಂತೆ.

ಆಗಸ್ಟ್ 1, ಶುಕ್ರವಾರ

ಹತ್ತೊಂಬತ್ತು ದಿನ ಬರೆದಿಲ್ಲ. ಕ್ಲಬ್ಬಿಗೂ ಹೋಗಿಲ್ಲ. ಇವರು ಖುಷಿಯಾಗಿದ್ದಾರೆ, ಒಂದು ಭಾನುವಾರ ಬಿರಿಯಾನಿ ತಿನ್ನಲು ಕರೆದುಕೊಂಡು ಹೋದರು. ನಾನು ಗಬಗಬ ತಿಂದೆ, ಬಾಯಿಗೆ ರುಚಿ ಹತ್ತಲಿಲ್ಲ.

ಇವತ್ತು ಮೂರನೇ ಮಷಿನ್ ನಿಂತಿತು. ಐವತ್ತು ಅಡಿ ದೂರದಲ್ಲಿ ಕಿವಿಗೆ ಪ್ಲಗ್ ಹಾಕಿಕೊಂಡಿದ್ದವಳಿಗೆ ಹೇಗೆ ಗೊತ್ತಾಯಿತು? ಮಷಿನ್ ತಲೆಯ ಮೇಲಿನ ದೀಪ. ಹಸಿರು ಹೋಗಿ ಕೆಂಪು ಬಂತು. ಹದಿನಾಲ್ಕು ವರ್ಷದಿಂದ ಕಣ್ಣೆದುರೇ ಇದೆ! ಸ್ಟೇಟ್ ಮ್ಯಾಚಿನ ರ‍್ಯಾಪಿಡ್ ಅಂದರೆ ಬೇಗ ಹೊಡೆಯುವ ಸುತ್ತಿನಲ್ಲೂ ದೀಪವೇ ಅಲ್ಲವೇ? ಏಳು ಸೆಕೆಂಡ್ ಕೆಂಪು, ಮೂರು ಸೆಕೆಂಡ್ ಹಸಿರು, ಹಸಿರಿನಲ್ಲಿ ಒಂದು ಗುಂಡು. ಅಲ್ಲಿ ಸೀಟಿ ಯಾರು ಕೇಳುತ್ತಾರೆ? ನಮ್ಮ ಬಡ ಕ್ಲಬ್ಬಿನಲ್ಲಿ ದೀಪವಿಲ್ಲದ್ದಕ್ಕೆ ಸೀಟಿ, ಅಷ್ಟೇ. ಅದಕ್ಕೆ ನಾನು ಯೋಗ ಕ್ಲಾಸಿಗೆ ಹೋಗಬೇಕೇ?

ಎಲೆಕ್ಟ್ರಿಷಿಯನ್ ಮೌನಪ್ಪನನ್ನು ಹಿಡಿದೆ. ಯಾದಗಿರಿಯವನು. "ಗುಜರಿಗೆ ಹಾಕಿದ ಮಷಿನ್ ಮ್ಯಾಲಿನ ದೀಪ ಐತೇನೋ?"

"ಎರಡ ಅದಾವ್ರಿ ಅಕ್ಕಾರ. ಯಾಕ್ರಿ, ದೇವರ ಮನಿಗೇನ್ರಿ?"

ಎರಡನ್ನೂ ಸ್ಟೋರ್ಸಿನಿಂದ ಗೇಟ್ ಪಾಸ್ ಮಾಡಿಸಿ ತಂದೆ.

ಆಗಸ್ಟ್ 3, ಭಾನುವಾರ

ಮೌನಪ್ಪ ತನ್ನ ರಜೆಯಲ್ಲಿ ಬಂದು ಹಚ್ಚಿಕೊಟ್ಟ. ಗುರಿಗಳ ಎರಡೂ ಬದಿ ಒಂದೊಂದು ಕಂಬ, ಹಿಂದೆ ಸ್ವಿಚ್ಚು, ಟೈಮರ್. ಅಮರಯ್ಯ ಸ್ವಿಚ್ ಒತ್ತಿ ಒತ್ತಿ ನೋಡಿ ಮಗುವಿನಂತೆ ಆಡಿದರು. ನಾನು ಪ್ಲಗ್ಗು ಮಫ್ಫು ಹಾಕಿ ನಿಂತೆ. ಕೆಂಪು. ತೋಳು ಕೆಳಗೆ. ಹಸಿರು. ಎತ್ತಿದೆ, ಹೊಡೆದೆ. ಯಾರ ತೋಳನ್ನೂ ಕದ್ದು ನೋಡಲಿಲ್ಲ. ಅಯ್ಯಾ, ಎಂಥಾ ನಿರಾಳ! ಅಳು ಬಂತು.

ರ‍್ಯಾಪಿಡ್ 263. ಆ ರುಬ್ಬುಗುಂಡಿನಿಂದ! ಭಾರ ಇದ್ದದ್ದಕ್ಕೆ ನಳಿಗೆ ಅಲುಗಾಡುವುದೇ ಇಲ್ಲ. ಬಾಟಲಿ ಹಿಡಿದ ತೋಳಿಗೆ ಈಗ ಅದು ಹಗುರ.

ಅಷ್ಟರಲ್ಲಿ ಆನಂದಕುಮಾರ. "ಇದು ನಿಮ್ಮ ಜೀಡಿಮೆಟ್ಲಾ ಫ್ಯಾಕ್ಟರಿ ಅಲ್ಲ ಮೇಡಂ. ಟ್ರಯಲ್ ದಿನ ಸೀಟಿ. ರೂಲ್ ಅಂಟೆ ರೂಲೇ."

"ಯಾವ ಪುಸ್ತಕದ ರೂಲ್, ತೋರಿಸ್ರಿ. ಸ್ಟೇಟ್‌ನಾಗ ದೀಪ, ನ್ಯಾಷನಲ್‌ನಾಗ ದೀಪ. ಸೀಟಿ ಇರೂದು ನಿಮ್ಮ ಬಾಯಾಗ ಅಷ್ಟ."

ಸ್ವಲ್ಪ ಜಾಸ್ತಿಯೇ ಆಯಿತು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಆಗಸ್ಟ್ 10, ಭಾನುವಾರ

ಟ್ರಯಲ್. ಹನ್ನೊಂದು ಜನ. ಕಮಿಟಿಯವರು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆನಂದಕುಮಾರ ಸೀಟಿ ಊದಲು ಅಮರಯ್ಯನವರಿಗೆ ಸನ್ನೆ ಮಾಡಿದರು.

ಅಮರಯ್ಯ ಸೀಟಿ ಬಾಯಿಗಿಟ್ಟರು, ತೆಗೆದರು, ಜಾಡಿಸಿದರು. "ಕೆಟ್ಟೈತ್ರಿ ಸರ್."

"ಸೀಟಿ ಕೆಡುತ್ತಾ?"

"ಭಾಳ ಹಳೇದಲ್ರಿ. ಮಿಲಿಟರಿದು." ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸ್ವಿಚ್ಚಿನ ಹತ್ತಿರ ಹೋಗಿ ನಿಂತರು. ಇವನ್ನೆಲ್ಲ ಆಮೇಲೆ ರೋಹಿತ ಹೇಳಿದ್ದು, ನನಗೆ ಕಂಡದ್ದು ಕೆಂಪು ದೀಪ ಮಾತ್ರ. ಹನ್ನೊಂದೂ ಜನ ದೀಪ ನೋಡಿ ಹೊಡೆದರು. ಯಾರೂ ತಕರಾರು ಮಾಡಲಿಲ್ಲ. ಇದೇ ವಾಸಿ ಅಂತ ರೋಹಿತನೂ ಅಂದನಂತೆ, ಕಮಿಟಿಯ ಮುಂದೆ.

527.

ಆನಂದಕುಮಾರ ಸಹಿ ಹಾಕಿದರು. ಪೆನ್ನು ಒತ್ತಿದ್ದಕ್ಕೆ ಫಾರ್ಮ್ ಹರಿಯುವುದೊಂದು ಬಾಕಿ. ಸೀದಾ ಮನೆಗೆ ಬಂದು ಇವರ ಪೇಪರಿನ ಮೇಲೆ ಫಾರ್ಮ್ ಇಟ್ಟೆ. ಓದಿದರು, ಎರಡು ಸಲ. "527 ಅಂದ್ರ ಛಲೋನ?" ಅಂತ ಕೇಳಿದರು. ಛಲೋ ಅಂದೆ. ಜೂನ್‌ನಿಂದ ಈಚೆಗೆ ಈ ವಿಷಯಕ್ಕೆ ಅವರು ಕೇಳಿದ ಮೊದಲ ಪ್ರಶ್ನೆ.

ಸೆಪ್ಟೆಂಬರ್ 2, ಮಂಗಳವಾರ

ನಿಖಿತಾ ಮತ್ತೆ ಟೆಸ್ಟ್ ಮಾಡಿದಳು. ಎಡ 55, ಹಾಗೇ ಇದೆ. ಬಲ 30.

ಜೂನ್‌ನಲ್ಲಿ 25 ಇತ್ತು.

"ಐದು ಅಂದ್ರೆ ಟೆಸ್ಟಲ್ಲೇ ಹೆಚ್ಚುಕಮ್ಮಿ ಆಗಿರಬಹುದು. ಇಲ್ಲದೆಯೂ ಇರಬಹುದು. ನಾನು ಸುಳ್ಳು ಹೇಳಲ್ಲ ನಿಮಗೆ."

ಇವರು ಪಕ್ಕದಲ್ಲೇ ಕೂತಿದ್ದರು. ಗ್ರಾಫನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಆಟೊದಲ್ಲಿ ನನ್ನ ಬಲಗಡೆಗೆ ಬಂದು ಕೂತರು. ಹೆದರಿಕೆಯಾಯಿತು. ಇಲ್ಲಿ ಬರೆಯುತ್ತೇನೆ, ಬೇರೆ ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ಇವರು ಹಲ್ಲುಜ್ಜುತ್ತ ಗುನುಗುವುದು, ಕುಕ್ಕರಿನ ಸೀಟಿ, ಇವು ಹೋದರೆ ಅಂತ ಹೆದರಿಕೆ. ಫ್ಯಾಕ್ಟರಿಗೆ ಅರ್ಜಿ ಕೊಟ್ಟಿದ್ದೇನೆ, ಮಷಿನ್ ಸೆಕ್ಷನ್ ಬಿಡಿಸಿ ಪ್ಯಾಕಿಂಗಿಗೆ ಹಾಕಿ ಅಂತ. ಇನ್‌ಚಾರ್ಜ್ ಪಟ್ಟ ಹೋಗುತ್ತದೆ. ಹೋಗಲಿ. ಉಳಿದಿರುವ ಕಿವಿಯನ್ನು ಖರ್ಚು ಮಾಡುವುದೇ ಆದರೆ ಎಲ್ಲಿ ಅಂತ ನಾನು ಹೇಳುತ್ತೇನೆ, ಕಂಪನಿ ಅಲ್ಲ.

ಸೆಪ್ಟೆಂಬರ್ 7, ಭಾನುವಾರ, ಬೆಳಿಗ್ಗೆ 11.10

ಸ್ಟೇಟ್ ರೇಂಜ್. ನಿಧಾನದ ಸುತ್ತು ಮುಗಿಯಿತು, 266. ರ‍್ಯಾಪಿಡ್ 11.40ಕ್ಕೆ. ಕೈ ತಣ್ಣಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಧಾನದ ಸುತ್ತಿಗೆ ಮೈಕಿನಲ್ಲಿ ಹೇಳುತ್ತಾರೆ. ಶುರುವಾಗುವ ಮೊದಲೇ ರೇಂಜ್ ಆಫೀಸರ್ ಹತ್ತಿರ ಹೋದೆ. ದಪ್ಪ ಜಡೆಯ ಹೆಂಗಸು. ನನಗೆ ಕೇಳಿಸುವುದಿಲ್ಲ, ಕೈ ಎತ್ತಿ ತೋರಿಸಬೇಕು ಅಂದೆ. ಗಟ್ಟಿಯಾಗಿಯೇ ಅಂದೆ, ಸಾಲಿನಲ್ಲಿದ್ದವರೆಲ್ಲ ನೋಡಿದರು. "ಪರವಾಲೇದಮ್ಮಾ, ಪರವಾಗಿಲ್ಲ," ಅಂದು ನನ್ನ ಎದುರು ಕಾಣುವ ಜಾಗಕ್ಕೆ ಬಂದು ನಿಂತಳು. ಅಷ್ಟೇ. ಇಷ್ಟು ದಿನ ಇಷ್ಟಕ್ಕೆ ನಾಚಿ ಸಾಯುತ್ತಿದ್ದೆ.

ಇವರು ಬಂದಿದ್ದಾರೆ. ಮೊದಲ ಸಲ. ಹಿಂದಿನ ಬೆಂಚಿನಲ್ಲಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು. ಮೊದಲ ಗುಂಡಿಗೆ ಬೆಚ್ಚಿ ಬಿದ್ದರಂತೆ, ಅಮರಯ್ಯ ಹೇಳಿ ನಕ್ಕರು.

ಈಗ ಇವರು ಹಿಂದಿನಿಂದ ಕೇಳಿದರು, "ಶಾಂಭವಿ, ಇದೊಂದ ಆದ ಮ್ಯಾಲ ಬಿಡ್ತೀ ಹೌದಿಲ್ಲೋ?"

ಕೇಳಿಸಿತು. ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತು. ಕೇಳಿಸದವಳ ಹಾಗೆ ಬಗ್ಗಿ ಬರೆಯುತ್ತಿದ್ದೇನೆ.

ಎದ್ದು ಬರುತ್ತಿದ್ದಾರೆ. ಎದುರಿಗೆ ಮೊಣಕಾಲೂರಿ ಕೂತರು, ತುಟಿ ನನಗೆ ಕಾಣುವ ಹಾಗೆ. ಕಿವಿಯ ಹತ್ತಿ ತೆಗೆದರು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಹೇಳಿಬಿಡುತ್ತೇನೆ. ಇಲ್ಲ ರೀ, ಬಿಡೂದಿಲ್ಲ, ಮುಂದಿನ ವರ್ಷಾನೂ ನೀವ ಬಂದು ಈ ಬೆಂಚಿನ ಮ್ಯಾಲ—