ಕೆಂಪು ಎಡಕ್ಕೋ, ಬಲಕ್ಕೋ

ಬಂದರು ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ನನ್ನ ಮಗಳ ಸಂತಾಪ ಸಭೆಗೆ ಬಂದು, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರನ್ನೂ ಸೇರಿಸಿ ಎಲ್ಲರಿಗೂ ಮೊದಲು ವಂದನೆ. ಎರಡು ದೊಡ್ಡ ದೇಶಗಳು ಕಳುಹಿಸಿದ ಹೂಗುಚ್ಛಗಳಿಗೂ ವಂದನೆ. ಅಳತೆಪಟ್ಟಿ ಹಿಡಿದು ಕಟ್ಟಿಸಿದಂತೆ ಸಮನಾಗಿವೆ, ಅವಳ ಚಿತ್ರದ ಎಡಕ್ಕೊಂದು, ಬಲಕ್ಕೊಂದು. ಸಂತಾಪವನ್ನು ಮಾತ್ರ ಸ್ವೀಕರಿಸಲಾರೆ. ಸಂತಾಪ ಸಲ್ಲುವುದು ಆಕಸ್ಮಿಕಕ್ಕೆ. ನನ್ನ ಮಗಳನ್ನು ಕೊಂದದ್ದು ನಿಮ್ಮ ಸೌಜನ್ಯ. ಕಚೇರಿಗೆ ಕಳುಹಿಸಿದರೆ ಈ ಪತ್ರ ಕಡತದಲ್ಲಿ ನಿದ್ದೆಹೋಗುತ್ತದೆಂದು ಇಲ್ಲೇ ಓದುತ್ತಿದ್ದೇನೆ. ನಾಳೆ ಪತ್ರಿಕೆಯಲ್ಲೂ ಬರುತ್ತದೆ.

ನಮ್ಮ ಕರಾವಳಿಯ ಕಪ್ಪು ಮರಳಿನಲ್ಲಿ ಜಗತ್ತಿಗೆಲ್ಲ ಬೇಕಾದ ಲೋಹಗಳಿವೆ ಎಂದು ಗೊತ್ತಾದ ದಿನದಿಂದ ನಾವು ಆಯಕಟ್ಟಿನ ಪ್ರಾಂತ್ಯವಾದೆವು. ಅಂದರೆ, ಎರಡು ದೇಶಗಳು ನಮ್ಮನ್ನು ಏಕಕಾಲಕ್ಕೆ ಪ್ರೀತಿಸತೊಡಗಿದವು. ಒಂದು ದೇಶ ಪೂರ್ವದ ಹಡಗುಕಟ್ಟೆ ಕಟ್ಟಿತು, ಇನ್ನೊಂದು ಪಶ್ಚಿಮದ್ದು. ನೀರಿನ ಮೇಲೆ ದಾರಿ ತೋರುವ ತೇಲುಗುರುತುಗಳನ್ನೂ ಅವೇ ತಂದು ಇಳಿಸಿದವು. ಬಂದರಿಗೆ ಬರುವ ಹಡಗು ಕೆಂಪು ಗುರುತನ್ನು ಎಡಕ್ಕೆ ಬಿಡಬೇಕೆಂಬುದು ಪೂರ್ವ ಕಟ್ಟೆಯವರ ನಿಯಮ. ಬಲಕ್ಕೆ ಬಿಡಬೇಕೆಂಬುದು ಪಶ್ಚಿಮದವರದು. ಒಂದೇ ಬಂದರು, ಒಂದೇ ನೀರು, ಎರಡು ಕೆಂಪು.

ಇದನ್ನು ಹೇಳಲು ನಿಮ್ಮ ಕೋಣೆಗೆ ಮೂರು ಸಲ ಬಂದಿದ್ದೆ. ನೀವೆಂದಿರಿ: "ಯಜಮಾನರೇ, ಸ್ವಲ್ಪ ಹೊಂದಿಕೊಂಡು ಹೋಗಿ. ಇಬ್ಬರೂ ನಮಗೆ ಬೇಕಾದವರು. ಒಬ್ಬರ ಕೆಂಪು ಕಿತ್ತರೆ ಅವರಿಗೆ ಬೇಜಾರಾಗಲ್ವೇ?" ಮೂರು ಸಲವೂ ಚಹಾ ತರಿಸಿದಿರಿ. ಮೂರು ಸಲವೂ ಕುಡಿದೆ. ಆ ತಪ್ಪು ನನ್ನದು.

ಹೊಂದಿಕೊಂಡೆವು. ಹೊರಗಿನ ಹಡಗನ್ನೇರಿ ಅದನ್ನು ಒಳಗೆ ತರುವ ಪೈಲಟ್‌ಗಳು ಈ ಬಂದರಿಗೆ ಇಬ್ಬರೇ: ನಾನು, ನಾನೇ ಕಲಿಸಿದ ನನ್ನ ಮಗಳು. ಪೂರ್ವದ ಹಡಗಾದರೆ ಎಡಗೈಗೆ, ಪಶ್ಚಿಮದ್ದಾದರೆ ಬಲಗೈಗೆ, ನೆನಪಿಗೆಂದು ಕೆಂಪು ರಿಬ್ಬನ್ ಕಟ್ಟಿಕೊಂಡು ಹೊರಡುತ್ತಿದ್ದೆವು. ಅವಳು ನಗುತ್ತಿದ್ದಳು: "ಅಪ್ಪಾ, ನಿಮ್ಮ ಅಧ್ಯಕ್ಷರಿಗೆ ಇಬ್ಬರು ಬೀಗರನ್ನೂ ಒಂದೇ ಮಣೆ ಮೇಲೆ ಕೂರಿಸೋ ಹಟ. ಮಣೆ ಮುರಿದರೆ ಬೀಳೋದು ಯಾರು?"

ಹದಿನೈದು ದಿನದ ಹಿಂದೆ, ಬೆಳಗ್ಗೆ, ಮಂಜು. ಪಶ್ಚಿಮ ಕಟ್ಟೆಯ ಹಡಗೊಂದು ಬರುತ್ತಿತ್ತು. ಅದನ್ನೇರಲು ಅವಳು ಸಣ್ಣ ದೋಣಿಯಲ್ಲಿ ಕಾಯುತ್ತಿದ್ದಳು. ಕಪ್ತಾನನಿಗೆ ಮಂಜಿನೊಳಗೆ ಒಂದು ಕೆಂಪು ದೀಪ ಕಂಡಿತು; ತನ್ನ ದೇಶದ ನಿಯಮದಂತೆ ಅದನ್ನು ಬಲಕ್ಕೆ ಬಿಟ್ಟು ಹಡಗು ತಿರುಗಿಸಿದ. ಅದು ಪೂರ್ವದವರ ಕೆಂಪಾಗಿತ್ತು. ತಿರುಗಿದ ಕಡೆ ಅವಳ ದೋಣಿಯಿತ್ತು. "ಅಯ್ಯೋ, ಇವನು ಅವರ ಕೆಂಪು ನೋಡ್ಬಿಟ್ಟ!" ಎಂದಳಂತೆ; ಈಜಿ ಬದುಕಿದ ದೋಣಿಯವನು ಹೇಳಿದ್ದು. ಅವಳನ್ನು ದಡಕ್ಕೆ ತಂದಾಗ ರಿಬ್ಬನ್ ಬಲಗೈಯಲ್ಲಿತ್ತು. ಸರಿಯಾದ ಕೈ.

ನಿಮ್ಮ ತನಿಖಾ ವರದಿ ಓದಿದೆ. ಎರಡೂ ದೇಶಗಳ ನಿಯಮಪಾಲನೆ ನಿರ್ದೋಷವಂತೆ, ಕಪ್ತಾನ ನಿರ್ದೋಷಿಯಂತೆ, ಪ್ರಾಧಿಕಾರವಂತೂ ಸರಿಯೇ ಸರಿ. ಹಾಗಾದರೆ ಮಂಜಿಗೆ ನೋಟಿಸು ಕೊಟ್ಟಿರೇ? ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಬಹುಮಾನ ಪಡೆದಿದ್ದೇನೆ. ಆದರೆ ಅಲ್ಲಿ ಕೊನೆಗೊಬ್ಬ ತೀರ್ಪುಗಾರ ಏಳುತ್ತಿದ್ದ. ಇಲ್ಲಿ ಆ ಕುರ್ಚಿ ನಿಮ್ಮದು. ನೀವು ಏಳಲೇ ಇಲ್ಲ.

ಹೊಸ ಕಟ್ಟೆಗೆ ಅವಳ ಹೆಸರಿಡುತ್ತೇವೆಂದಿದ್ದೀರಿ. ಬೇಡ. ನನಗೆ ಬೇಕಾದದ್ದು ಒಂದೇ ನಿಯಮ. ಎಡವೋ ಬಲವೋ, ನನಗೆ ಹಟವಿಲ್ಲ. ಆರಿಸಿ, ಇನ್ನೊಬ್ಬರಿಗೆ ಬೇಜಾರು ಮಾಡಿ.

ಅಲ್ಲಿಯವರೆಗಿನ ನನ್ನ ತೀರ್ಮಾನ ಇದು. ಮುಂದಿನ ಸಾಲಿನಲ್ಲಿರುವ ನನ್ನ ಹೆಂಡತಿಯೂ ಇದನ್ನು ಈಗಷ್ಟೇ ಕೇಳುತ್ತಿದ್ದಾಳೆ. ನಾಳೆ ಬೆಳಗಿನಿಂದ ಪೂರ್ವದ ಹಡಗನ್ನೂ ಪಶ್ಚಿಮದ ಹಡಗನ್ನೂ ನಾನು ಏರುವುದಿಲ್ಲ. ಎರಡು ದೊಡ್ಡ ದೇಶಗಳು ಹೊರಗಿನ ನೀರಿನಲ್ಲಿ ಅಕ್ಕಪಕ್ಕ ನಿಂತು ಕಾಯಲಿ.

ಇಂತಿ,
ಎರಡೂ ಕೈಯ ರಿಬ್ಬನ್ ಬಿಚ್ಚಿದ,
ಈ ಬಂದರಿನಲ್ಲಿ ಉಳಿದಿರುವ ಒಬ್ಬನೇ ಪೈಲಟ್