ನಿಮಗೆ ಹೇಳದೆ ಕುಡಿಸಿದ ಶಾಂಪೇನ್

ಅತ್ತೆಯವರಿಗೆ ನಿಮ್ಮ ಸೊಸೆ ನೀಲವ್ವನ ಶರಣು.

ಓದು ಬಲ್ಲ ಸೊಸೆ ಮನೆಗೆ ಬಂದಳೆಂದು ಮೂಗು ಮುರಿದವರು ನೀವೇ, ಆಮೇಲೆ ನಿಮ್ಮ ತವರಿಗೆ ಕಾಗದ ಬರೆಸಲು ನನ್ನನ್ನೇ ಕೂರಿಸಿಕೊಳ್ಳುತ್ತಿದ್ದವರೂ ನೀವೇ. ನೀವು ಹೋಗಿ ಎರಡು ವರ್ಷವಾಯಿತು. ಇವತ್ತಿನ ಕಾಗದ ನಿಮಗೆ. ಮಧ್ಯಾಹ್ನ ಹುನಗುಂದದಿಂದ ಡಾಕ್ಟರು ಬರುತ್ತಾರೆ. ಅಷ್ಟರೊಳಗೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಿಮ್ಮ ಕೊನೆಯ ಬೇನೆ ನೆನಪಿದೆಯೇ? ಹನಿ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಾಂತಿ ನಿಲ್ಲಿಸಲೆಂದು ಡಾಕ್ಟರು ದಪ್ಪ ಗಾಜಿನ ಬಾಟಲಿ ತಂದರು. ವಿಲಾಯತಿಗೆ ಮರಳಿದ ಸಾಹೇಬರೊಬ್ಬರು ಅವರಿಗೆ ಕೊಟ್ಟುಹೋದ ಎರಡರಲ್ಲಿ ಅದೊಂದು. 'ದ್ರಾಕ್ಷಿ ರಸ ಅಂತ ಹೇಳವ್ವಾ, ಇಲ್ಲಾಂದ್ರ ಮುಟ್ಟೂದಿಲ್ಲ ಅವರು' ಎಂದು ನನಗೆ ಪಡಸಾಲೆಯಲ್ಲಿ ಹೇಳಿದರು. ಅದು ಶಾಂಪೇನ್, ಅತ್ತೆ. ಫ್ರಾನ್ಸಿನ ಮದ್ಯ. ಹೆಂಡ ಕುಡಿದವನು ಕೂತೆದ್ದರೆ ಕಟ್ಟೆ ತೊಳೆಸುತ್ತಿದ್ದ ನಿಮಗೆ ನಾನು ಅದನ್ನು ಚಮಚದಲ್ಲಿ ಕುಡಿಸಿದೆ.

ನಿಮ್ಮ ನಾಲಿಗೆ ಎಂಥದೆಂದು ಆಗ ಹೇಗೆ ಮರೆತೆನೋ! ನೂಲಿಗೆ ಹಚ್ಚುವ ಗಂಜಿಯನ್ನು ಬೆರಳಲ್ಲಿ ನೆಕ್ಕಿ, ಎಷ್ಟು ದಿನದ್ದು, ಮಗ್ಗದಲ್ಲಿ ಎಳೆ ತಡೆಯುತ್ತದೋ ಇಲ್ಲವೋ ಹೇಳುತ್ತಿದ್ದವರು ನೀವು. ನೇಕಾರರ ಓಣಿಯೆಲ್ಲ ಬಟ್ಟಲು ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಿತ್ತು. ಮೊದಲ ಚಮಚಕ್ಕೇ ಕಣ್ಣು ಮುಚ್ಚಿದಿರಿ.

'ಮದ್ಲ ನಾಲಿಗಿ ಮ್ಯಾಲ ಇರವಿ ಹರಿದಂಗಾತು. ಆಮ್ಯಾಲ ಹುಳಿ. ಹುಣಸಿದಲ್ಲ, ಎಳೀ ಮಾವಿನಕಾಯಿದು. ಅದರ ಹಿಂದ ಹಂಚಿನ ಮ್ಯಾಲ ಚಲೋ ಬೆಂದ ರೊಟ್ಟಿ ವಾಸನಿ ಐತಿ. ಸಿಹಿ ಅಂತೂ ಇಲ್ಲೇ ಇಲ್ಲ.'

ಎರಡನೆಯದಕ್ಕೆ ನನ್ನ ಮುಖ ನೋಡಿದಿರಿ. 'ಇದು ಇವತ್ತಿಂದಲ್ಲ ನೀಲವ್ವಾ. ವರ್ಷಾನುಗಟ್ಲೆ ಕತ್ತಲದಾಗ ಸುಮ್ನ ಕುಂತದ್ದು. ಹುಳಿ ಐತಿ, ಖರೆ ಕೆಟ್ಟಿಲ್ಲ. ಎಂಥಾ ಔಷಧ ಇದು?'

ಒಳ್ಳೆಯ ಬೆಳೆ ಬಂದ ವರ್ಷದ ದ್ರಾಕ್ಷಿಯದು, ಹನ್ನೆರಡು ವರ್ಷ ನೆಲಮಾಳಿಗೆಯಲ್ಲಿ ಮಲಗಿಸಿಟ್ಟದ್ದು ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. 'ದ್ರಾಕ್ಷಿ ರಸಾರಿ, ಅತ್ತೀ' ಎಂದೆ. ನೀವು ನಂಬಿದಿರಿ.

ಮೂರು ದಿನ ವಾಂತಿ ನಿಂತಿತು. ನೀವು ಎದ್ದು ಕೂತು, ಅದೇ ಬಾಯಲ್ಲಿ ಮಂತ್ರ ಹೇಳುತ್ತ ಅಂಗೈಯ ಲಿಂಗಕ್ಕೆ ಪೂಜೆ ಮಾಡಿದಿರಿ. ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಕೂಗಿ ತಡೆಯಬೇಕಿತ್ತೇ? ಐದನೆಯ ದಿನ ನೀವು ಹೋದಿರಿ. ನಾನು ಜೀವವನ್ನೂ ಉಳಿಸಲಿಲ್ಲ, ನಿಮ್ಮ ನೇಮವನ್ನೂ... ಅಂದಿನಿಂದ ನಿಮ್ಮ ಸಮಾಧಿಗೆ ಹೂವಿಡಲು ಹೋದರೂ ನನಗೆ ಹೆದರಿಕೆ.

ಈಗ ನನಗೆ ನಾಲ್ಕು ತಿಂಗಳು. ಹಿಂದೆ ಎರಡು ಬಸಿರು ನಿಲ್ಲಲಿಲ್ಲ, ನಿಮಗೆ ಗೊತ್ತು. ಮೂರು ವಾರದಿಂದ ತಿಂದದ್ದೆಲ್ಲ ಹೊರಗೆ ಬರುತ್ತಿದೆ, ಬಳೆಗಳು ಮೊಣಕೈವರೆಗೆ ಜಾರುತ್ತಿವೆ. ಡಾಕ್ಟರು ತರುವುದು ಆ ಎರಡನೆಯ ಬಾಟಲಿ. ಕುಡಿದರೆ ನಿಮ್ಮ ಶಾಪ, ಕುಡಿಯದಿದ್ದರೆ ಕೂಸು ಉಳಿಯುವುದಿಲ್ಲ. ಏನು ಮಾಡಲಿ?

ಇಷ್ಟು ಬರೆಯುವಷ್ಟರಲ್ಲಿ ಡಾಕ್ಟರು ಬಂದೇಬಿಟ್ಟರು. ನಿಮ್ಮ ಮಗ ಚಮಚ ಹಿಡಿದು, 'ಔಷಧ ಅನ್ಕೊಂಡು ಕುಡಿ' ಎಂದರು.

'ಹಂಗ ಬ್ಯಾಡ್ರಿ. ಹೆಸರು ಹೇಳಿ ಕೊಡ್ರಿ.'

ನಿಮ್ಮ ಮಗ ತಲೆ ತಗ್ಗಿಸಿ 'ಶಾಂಪೇನ್' ಎಂದರು. ಕುಡಿದೆ. ನೀವು ಹೇಳಿದ್ದೆಲ್ಲ ಇತ್ತು, ಕಟ್ಟಕಡೆಗೆ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿಯೂ ಇತ್ತು. ಎರಡು ತಾಸಾಯಿತು, ಹೊಟ್ಟೆಯಲ್ಲಿ ನಿಂತಿದೆ.

ನಾನು ತಿಳಿದೇ ಕುಡಿದೆ, ಬೈಯುವುದಿದ್ದರೆ ನನ್ನನ್ನು ಬೈಯಿರಿ. ಒಳಗಿರುವ ಕೂಸನ್ನು ಮಾತ್ರ ಯಾರೂ ಕೇಳಲಿಲ್ಲ. ನಿಮಗೆ ಮಾಡಿದ್ದನ್ನೇ ಅದಕ್ಕೂ ಮಾಡಿದೆ. ಮಾತು ತಿಳಿಯುವ ವಯಸ್ಸಿಗೆ ಅದಕ್ಕೆ ಎಲ್ಲವನ್ನೂ ಹೇಳುತ್ತೇನೆ, ಆಣೆ. ಹುಟ್ಟಲು ಬಿಡಿ, ಅತ್ತೆ.