ಐದನೇ ಟೇಬಲ್, ಮೂರನೇ ಕುರ್ಚಿ

ನವೆಂಬರ್ 19, 2012. ಸೋಮವಾರ

ಅಕ್ಷರ ಸೊಟ್ಟಗಿವೆ. ಒತ್ತಕ್ಷರ ಬೇಕಾದ ಕಡೆ ಬರುವುದಿಲ್ಲ, ಬೇಡದ ಕಡೆ ಬಂದು ಕೂರುತ್ತವೆ. ಓದುವವರು ಯಾರೂ ಇಲ್ಲ ನಿಜ. ಆದರೂ ಈ ನೋಟ್‌ಬುಕ್ಕಾದರೂ ಕ್ಷಮಿಸಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಮೇಲೆ ಕೈ ಹಿಡಿದದ್ದು ಸೂಜಿಯನ್ನೇ.

ಇವತ್ತು ಬ್ಲೌಸ್ ಆರು, ಫಾಲ್ಸ್ ಮೂರು. ಒಂದಕ್ಕೆ ತೋಳು ಉಲ್ಟಾ ಹಚ್ಚಿದ್ದೆ, ಬಿಚ್ಚಿ ಮತ್ತೆ ಹೊಲಿದೆ.

ಸಂಜೆ ಅಂಗಡಿಗೆ ಒಬ್ಬರು ಬಂದರು. ನೀಲಪ್ಪ ಅಂತ. ಮ್ಯಾಜಿಕ್ ಮಾಡುವವರು. ಇನ್ನರ್ ಸರ್ಕಲ್ ಹತ್ತಿರ ಬ್ರಿಟಿಷರ ಕಾಲದ ಹಾರ್ಕೋರ್ಟ್ ಇನ್ ಹೋಟೆಲ್ ಇದೆಯಲ್ಲ, ಅಲ್ಲಿ ಡಿಸೆಂಬರ್ ಎಂಟಕ್ಕೆ ಶೋ ಇದೆಯಂತೆ. ಊಟ, ನಾಟಕ, ಮ್ಯಾಜಿಕ್, ಮೂರೂ ಒಂದೇ ಹಾಲ್‌ನಲ್ಲಿ. ಜನ ಟೇಬಲ್‌ನಲ್ಲಿ ಉಣ್ಣುತ್ತಾ ಕೂತಿರುತ್ತಾರೆ, ನಾಟಕದವರು ಅವರ ನಡುವೆಯೇ ಓಡಾಡುತ್ತಾರೆ. ನೋಡಲು ಬರುವವರೂ ನೂರು ವರ್ಷದ ಹಿಂದಿನ ಬಟ್ಟೆ ಹಾಕಿಕೊಂಡು ಬರಬೇಕು. ಆ ಇನ್‌ನ ಕರ್ಟನ್, ಯೂನಿಫಾರಂ ಎಲ್ಲ ನಮ್ಮ ಅಂಗಡಿಯಲ್ಲೇ ಹೊಲಿಯುವುದು, ಅದಕ್ಕೇ ಅಲ್ಲಿನ ಮ್ಯಾನೇಜರ್ ಇವರನ್ನು ಇಲ್ಲಿಗೆ ಕಳಿಸಿದ್ದಾರೆ.

ಅವರಿಗೆ ಕೋಟಿನಲ್ಲಿ ಒಂದು ಜೇಬು ಬೇಕು. ಗಡಿಯಾರ ಹಾಕಬೇಕು. ಜೇಬನ್ನು ಹೊರಗೆ ಎಳೆದು ತೋರಿಸಿದರೆ ಖಾಲಿ ಕಾಣಬೇಕು. ಗಡಿಯಾರ ಮಾತ್ರ ಒಳಗೇ ಇರಬೇಕು.

"ಇಬ್ರು ಟೈಲರ್‌ಗಳು ಕೈ ಎತ್ತಿದ್ರು ಕಣ್ರೀ. ಉಬ್ಬು ಕಾಣ್ಬಾರ್ದು, ತಡವಿದ್ರೂ ಸಿಗ್ಬಾರ್ದು."

"ಆಗಲ್ಲ ಸಾರ್, ಅದೇನ್ ಜೇಬಾ ಇಲ್ಲ ಬ್ಯಾಂಕ್ ಲಾಕರಾ?" ಅಂದರು ಅಂಗಡಿಯೊಡತಿ ವಸಂತಮ್ಮ.

ಆಗುತ್ತದೆ ಅಂತ ನನಗೆ ಗೊತ್ತಿತ್ತು. ಬಾಯಿಯವರೆಗೂ ಬಂತು. ಮಷಿನ್ ತುಳಿಯುತ್ತಾ ಕೂತೆ.

ನವೆಂಬರ್ 22. ಗುರುವಾರ

ಊಟದ ಹೊತ್ತಿನಲ್ಲಿ ಚೂರು ಬಟ್ಟೆಯಿಂದ ಹೊಲಿದು ನೋಡಿದೆ. ಆಯಿಯ ಎಲೆ ಅಡಿಕೆ ಚಂಚಿಯ ಹಾಗೆ. ಆಯಿ ಅಂದರೆ ಅವ್ವನ ತಾಯಿ, ದೇವಕ್ಕ, ಕುಷ್ಟಗಿಯವಳು. ಸೊಂಟದಲ್ಲಿ ಸದಾ ಚಂಚಿ. ಒಂದು ದಾರ ಎಳೆದರೆ ಎಲೆ ಇರುವ ಬಾಯಿ ತೆರೆಯುತ್ತಿತ್ತು, ಅದೇ ಎಳೆತಕ್ಕೆ ಅದರ ಹಿಂದಿನದು ಮುಚ್ಚುತ್ತಿತ್ತು. ಹಿಂದಿನದರಲ್ಲಿ ಅವಳ ದುಡ್ಡು, ಅದನ್ನು ತೆರೆಯಲು ಒಳಗೆ ಬೇರೊಂದು ದಾರ. ಅಜ್ಜ ಹತ್ತು ಸಲ ಚಂಚಿ ಕೊಡವಿದರೂ ಅಡಿಕೆ ಚೂರು ಬೀಳುತ್ತಿತ್ತೇ ಹೊರತು ದುಡ್ಡು ಬೀಳುತ್ತಿರಲಿಲ್ಲ.

ವಸಂತಮ್ಮನ ಮುಂದೆ ಇಟ್ಟೆ. ಮಾತಾಡಲಿಲ್ಲ, ಇಟ್ಟೆ ಅಷ್ಟೆ. ಒಳಗೆ ಮಷಿನ್ನಿನ ದಾರ ಸುತ್ತುವ ಒಂದು ಬಾಬಿನ್ ಹಾಕಿದ್ದೆ. ಅವರು ತಿರುಗಿಸಿ ಮುರುಗಿಸಿ, ಕೊಡವಿ ನೋಡಿದರು. ಬಾಬಿನ್ ಸಿಗಲಿಲ್ಲ.

"ಯಾರೇ ಹೇಳ್ಕೊಟ್ಟಿದ್ದು?"

"ಯಾರಿಲ್ರಿ."

"ಬಾಯಿಲ್ಲ, ಕೈಯಲ್ಲಿ ಮಾತ್ರ ಅಷ್ಟುದ್ದ ಮಾತು ನಿಂದು!"

ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ಡಿಸೆಂಬರ್ 3. ಸೋಮವಾರ

ಕೋಟು ಕೊಟ್ಟಾಯಿತು. ನೀಲಪ್ಪ ಅಂಗಡಿಯಲ್ಲೇ ಹಾಕಿಕೊಂಡು, ವಸಂತಮ್ಮನ ಟೇಪ್ ಮಾಯ ಮಾಡಿ, ಜೇಬು ಎಳೆದು ತೋರಿಸಿದರು. ಖಾಲಿ. ಮತ್ತೆ ತೆಗೆದರು. ಮಗುವಿನ ಹಾಗೆ ನಕ್ಕರು.

"ಕೂಲಿ ನಿಮ್ ಓನರ್‌ಗೆ ಕೊಟ್ಟೆ. ನಿಂಗೇನು ಬೇಕಮ್ಮ?"

ಹೇಗೆ ಹೇಳಿದೆನೋ ಗೊತ್ತಿಲ್ಲ. "ನಂಗೂ ಕುಂತು ನೋಡ್ಬೇಕ್ರಿ."

"ಸೈಡಲ್ಲಿ ನಿಂತ್ಕೊಂಡು ನೋಡ್ತೀಯಾ?"

"ಇಲ್ರಿ. ಕುಂತು."

ಜೇಬಿನಿಂದ ಒಂದು ಕಾರ್ಡ್ ತೆಗೆದು ಕೊಟ್ಟರು. ಅವರಿಗೆ ಒಂದು ಗೆಸ್ಟ್ ಪಾಸ್ ಬರುತ್ತದಂತೆ. ರೂಮಿನಲ್ಲಿ ನನ್ನ ಜೊತೆಗಿರುವ ಭಾಗ್ಯಶ್ರೀ ಓದಿ ಹೇಳಿದಳು. ಅವಳು ಗದಗಿನವಳು, ಹತ್ತನೇ ಪಾಸು, ಗಾರ್ಮೆಂಟ್ಸ್‌ನಲ್ಲಿ ಪ್ಯಾಕಿಂಗ್. ಟೇಬಲ್ ಐದು, ಕುರ್ಚಿ ಮೂರು. ನೂರು ವರ್ಷದ ಹಿಂದಿನ ಉಡುಪಿನಲ್ಲೇ ಬರಬೇಕು, ಇಲ್ಲದಿದ್ದರೆ ಪ್ರವೇಶವಿಲ್ಲ.

"ಅಂದ್ರ ಗೌನು. ಬಾಡಿಗಿ ತರೋಣೇನ?"

"ನೂರು ವರ್ಷದ ಹಿಂದ ನಮ್ಮವರು ಗೌನ್ ಹಾಕ್ತಿದ್ರೇನ?" ಅಂದೆ.

ಟ್ರಂಕಿನಲ್ಲಿ ಆಯಿಯ ಇಳಕಲ್ ಸೀರೆ ಇದೆ. ಖಣದ ಕುಪ್ಪಸ ನಾನೇ ಹೊಲಿಯುತ್ತೇನೆ.

ಡಿಸೆಂಬರ್ 8. ಶನಿವಾರ, ಮಧ್ಯಾಹ್ನ 3

ಕಚ್ಚೆ ಹಾಕಿ ಉಟ್ಟೆ. ಆಯಿ ಹೊಲಕ್ಕೆ ಹೋಗುವಾಗ ಉಡುತ್ತಿದ್ದ ಹಾಗೆ. ಭಾಗ್ಯಶ್ರೀ ಸುತ್ತ ತಿರುಗಿ ನೋಡಿದಳು. "ಯಾರದ ಮದುವ್ಯಾಗ ರೊಟ್ಟಿ ಬಡಿಯಾಕ ಹೊಂಟಿ?" ಅಂತ ನಕ್ಕಳು. ಆಮೇಲೆ ತನ್ನ ಹಸಿರು ಬಳೆ ಬಿಚ್ಚಿ ನನ್ನ ಕೈಗೆ ಹಾಕಿದಳು. ಒಂದು ಒಡೆಯಿತು.

ಹೋಗುತ್ತೇನೆ.

ಡಿಸೆಂಬರ್ 9. ಭಾನುವಾರ

ಎಲ್ಲ ಬರೆಯಬೇಕು. ಆದ ಹಾಗೇ ಬರೆಯಬೇಕು.

ಗೇಟಿನಲ್ಲಿ ವಾಚ್‌ಮನ್ ಹನುಮಂತಯ್ಯ. ನನ್ನನ್ನು ನೋಡಿದ ಕೂಡಲೇ, "ಕೆಲ್ಸದೋರು ಹಿಂದ್ಗಡೆ ಗೇಟು ಕಣವ್ವ." ಕಾರ್ಡ್ ತೋರಿಸಿದೆ. ಕಾರ್ಡ್ ನೋಡಿದ, ಸೀರೆ ನೋಡಿದ, ಮತ್ತೆ ಕಾರ್ಡ್ ನೋಡಿದ. ಬಿಟ್ಟ.

ಒಳಗೆ ದೀಪದ ಗೊಂಚಲು, ಮರದ ಮೆಟ್ಟಿಲು. ನಾನು ಹೊಲಿದ ಕರ್ಟನ್‌ಗಳು! ತೂಗುಬಿಟ್ಟ ಮೇಲೆ ಅವು ಯಾರದೋ ಆಗಿಬಿಟ್ಟಿದ್ದವು. ಹೆಂಗಸರೆಲ್ಲ ಉದ್ದ ಗೌನು, ಕೈಚೀಲ, ಗರಿ ಟೋಪಿ. ಬ್ರೂಕ್‌ಫೀಲ್ಡ್ ಕಡೆಯ ಐಟಿಯವರೇ ಜಾಸ್ತಿ. ಗಂಡಸರಿಗೆ ಅಂಟಿಸಿದ ಮೀಸೆ. ಸೀರೆಯಲ್ಲಿ ಇದ್ದವರು ತಟ್ಟೆ ಹಿಡಿದ ಹುಡುಗಿಯರು ಮಾತ್ರ. ಅವರಿಗೆ ಬಿಳಿ ಸೀರೆ, ಆಯಾಗಳ ಪಾತ್ರ. ನಾನೂ ಅವರಲ್ಲೊಬ್ಬಳು ಅಂತ ಎಲ್ಲರೂ ಅಂದುಕೊಂಡರು. ಒಬ್ಬ ಮೇಡಂ ಖಾಲಿ ಗ್ಲಾಸು ಕೊಡಲು ಬಂದರು. ಕೈ ಮುಂದೆ ಹೋಗಿಬಿಟ್ಟಿತ್ತು — ಹಿಂದಕ್ಕೆ ಎಳೆದುಕೊಂಡೆ. ಒಬ್ಬರು ಟೋಪಿ ಕೊಟ್ಟೇಬಿಟ್ಟರು. ಅವರ ಟೇಬಲ್ ಮೇಲೇ ವಾಪಸ್ ಇಟ್ಟೆ. "ನಿಮ್ದ್ರಿ."

ಐದನೇ ಟೇಬಲ್. ಮೂರನೇ ಕುರ್ಚಿ. ಕೂತೆ. ಮಖಮಲ್ಲಿನ ಕುರ್ಚಿ, ಒಳಗೆ ಹೂತುಹೋದ ಹಾಗಾಯಿತು. ಪಕ್ಕದವರು ತಮ್ಮ ಕುರ್ಚಿ ಸ್ವಲ್ಪ ಸರಿಸಿಕೊಂಡರು.

ಎರಡು ನಿಮಿಷಕ್ಕೆ ಮ್ಯಾನೇಜರ್ ಚಿರಂಜೀವಿ ಬಂದರು. ಬಗ್ಗಿ, ನಗುತ್ತಲೇ, ಹಲ್ಲಿನ ನಡುವೆ ಮಾತು.

"ವಸಂತಮ್ಮನ ಅಂಗಡಿ ಹುಡುಗಿ ತಾನೆ? ಏನಮ್ಮ ಇಲ್ಲಿ ಕೂತ್ಬಿಟ್ಟಿದ್ದೀಯಾ? ಎದ್ದೇಳು."

ಕಾರ್ಡ್ ಕೊಟ್ಟೆ.

"ಪೀರಿಯಡ್ ಡ್ರೆಸ್ ಎಲ್ಲಿ?"

"ಇದ ರಿ. ನಮ್ಮ ಆಯಿ ಉಡ್ತಿದ್ದದ್ದು. ಆಕಿ ಅವ್ವಾನೂ ಇದ ಉಡ್ತಿದ್ಲು."

"ನಾಟಕ ಆಡ್ಬೇಡ. ಕಿಚನ್ ಹತ್ರ ಸ್ಟೂಲ್ ಹಾಕಿಸ್ತೀನಿ, ಅಲ್ಲೇ ಊಟಾನೂ ಕೊಡಿಸ್ತೀನಿ. ಏಳು."

ಅಷ್ಟರಲ್ಲಿ ನೀಲಪ್ಪ ಕೋಟು ಹಾಕಿಕೊಂಡು ಆ ಕಡೆಯಿಂದ ಬಂದರು. ಚಿರಂಜೀವಿ ಕೇಳಿದರು, "ಏನ್ ಗುರು, ಇವ್ಳಿಗೆ ಗೆಸ್ಟ್ ಪಾಸ್ ಕೊಟ್ಟಿದ್ದು ನೀನಾ?"

ನೀಲಪ್ಪ ನನ್ನ ಮುಖ ನೋಡಲಿಲ್ಲ. "ಬ್ಯಾಕ್‌ಸ್ಟೇಜಲ್ಲಿ ಹೆಲ್ಪ್ ಮಾಡ್ಲಿ ಅಂತ ಕೊಟ್ಟೆ ಸಾರ್. ಅವ್ಳು ತಪ್ಪು ತಿಳ್ಕೊಂಡಿದ್ದಾಳೆ."

ಕುಂತು ನೋಡ್ಬೇಕು ಅಂತ ಹೇಳಿದ್ದೆ. ಎರಡು ಸಲ ಹೇಳಿದ್ದೆ.

ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಕುರ್ಚಿಯ ಕೈ ಗಟ್ಟಿ ಹಿಡಿದುಕೊಂಡೆ.

"ನಾ ಏಳಂಗಿಲ್ರಿ."

"ಮುಂದಿನ ತಿಂಗಳು ಕರ್ಟನ್ ಆರ್ಡರ್ ನಿಮ್ಮಂಗ್ಡಿಗೆ ಸಿಗ್ಬೇಕಾ ಬೇಡ್ವಾ?"

"ಏಳಂಗಿಲ್ರಿ."

ದನಿ ಜೋರಾಗಿಬಿಟ್ಟಿತ್ತು. ಹಾಲ್ ಎಲ್ಲ ತಿರುಗಿತು. ಆಮೇಲೆ — ಚಪ್ಪಾಳೆ! ನಾಟಕ ಶುರುವಾಯಿತು ಅಂದುಕೊಂಡಿದ್ದರು. ನಾನು ಆಯಾ, ಚಿರಂಜೀವಿ ಬಟ್ಲರ್. ಅಂಟಿಸಿದ ಮೀಸೆಯ ಒಬ್ಬರು "ಸೂಪರ್ ಆ್ಯಕ್ಟಿಂಗ್, ಸೋ ರಿಯಲ್!" ಅಂತ ಕೂಗಿದರು. ಅಷ್ಟು ಜನ ನೋಡುವಾಗ ಚಿರಂಜೀವಿ ನನ್ನ ರಟ್ಟೆ ಹಿಡಿದು ಎಳೆಯುವ ಹಾಗಿರಲಿಲ್ಲ. ಬಗ್ಗಿ ನಮಸ್ಕಾರ ಮಾಡಿ, "ಆಮೇಲೆ ನೋಡ್ಕೋತೀನಿ" ಅಂತ ಹೋದರು.

ಕುರ್ಚಿ ಉಳಿಯಿತು. ಆದರೆ ಚಪ್ಪಾಳೆ ಚುಚ್ಚುತ್ತಿತ್ತು. ಅವರು ತಟ್ಟಿದ್ದು ಕೂತ ಆಯಾಗೆ. ನನಗಲ್ಲ.

ಸೂಪ್ ಬಂತು. ಕುಡಿದೆ. ಆಲೂಗಡ್ಡೆ ಬಂತು. ಕೈಯಲ್ಲೇ ತಿಂದೆ.

ಆಮೇಲೆ ನೀಲಪ್ಪನ ಮ್ಯಾಜಿಕ್. ಪಾರಿವಾಳ, ಹಗ್ಗ, ಇಸ್ಪೀಟು. ಕೊನೆಗೆ ಗಡಿಯಾರ. ಮೀಸೆಯವರ ಚೈನಿನ ಗಡಿಯಾರ ಇಸಿದುಕೊಂಡು ಮಾಯ ಮಾಡಿದರು. "ಅತಿಥಿಗಳಲ್ಲಿ ಯಾರಾದ್ರೂ ಬಂದು ನನ್ನ ಕೋಟು ಹುಡುಕಬಹುದು!" ಅಂತ ಸುತ್ತ ನೋಡಿದರು, ಐದನೇ ಟೇಬಲ್ ಬಿಟ್ಟು.

ಎದ್ದೆ.

ಯಾರೂ ಕರೆದಿರಲಿಲ್ಲ. ಕಾಲು ತಾನೇ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಾನೇ ನಡೆದೆ. ಒಂದೊಂದು ಹೆಜ್ಜೆಗೂ ಹೆದರಿ ನಡೆದೆ. ಜನ ಮತ್ತೆ ಚಪ್ಪಾಳೆ. ನೀಲಪ್ಪನ ಮುಖ ಬಿಳಿಚಿತು. ಬೇಡ ಅನ್ನುವ ಹಾಗಿರಲಿಲ್ಲ.

ಎಡಗಡೆ ಹುಡುಕಿದೆ, ಬಲಗಡೆ ಹುಡುಕಿದೆ. ಆಮೇಲೆ ಒಳಗೆ ಕೈ ಹಾಕಿದೆ. ಲೈನಿಂಗ್ ಪಕ್ಕದಲ್ಲಿ ನಾನು ಬಿಟ್ಟ ಎರಡನೇ ದಾರ. ತೋರುಬೆರಳಿಗೆ ಸುತ್ತಿಕೊಂಡೆ. ಎಳೆದರೆ ಹಿಂದಿನ ಬಾಯಿ ತೆರೆದು ಗಡಿಯಾರ ನೆಲಕ್ಕೆ. ಎದೆ ಬಡಿತ ನನ್ನ ಕೈಗೆ ಸಿಗುತ್ತಿತ್ತು. ನನ್ನದಲ್ಲ, ಅವರದು.

ಮೆಲ್ಲಗೆ ಹೇಳಿದೆ. "ನಾ ಯಾರಂತ ಹೇಳ್ರಿ. ಜೋರಾಗಿ."

"ಬೇಡ ಕಣಮ್ಮ, ನನ್ ಹೊಟ್ಟೆ ಮೇಲೆ ಹೊಡೀಬೇಡ."

"ಹೇಳ್ರಿ."

ದಾರ ಸ್ವಲ್ಪ ಬಿಗಿ ಮಾಡಿದೆ.

ಅವರು ಗಂಟಲು ಸರಿ ಮಾಡಿಕೊಂಡರು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. "ಇವರು ಆ್ಯಕ್ಟರ್ ಅಲ್ಲ. ಕೆಲಸದವರೂ ಅಲ್ಲ. ನನ್ನ ಗೆಸ್ಟ್, ಶಿವಗಂಗಾ ಅಂತ. ಐದನೇ ಟೇಬಲ್, ಮೂರನೇ ಕುರ್ಚಿ. ನಾನೇ ಕರೆದದ್ದು." ನಾನು ಕೇಳದಿದ್ದರೂ ಸೇರಿಸಿದರು: "ಈ ಕೋಟು ಹೊಲಿದವರೂ ಇವರೇ."

ಈ ಸಲ ಚಪ್ಪಾಳೆ ಕಡಿಮೆ. ಗ್ಲಾಸು ಕೊಡಲು ಬಂದಿದ್ದ ಮೇಡಂ ತಲೆ ತಗ್ಗಿಸಿಕೊಂಡು ಕರವಸ್ತ್ರ ಮಡಿಸುತ್ತಿದ್ದರು. ಚಿರಂಜೀವಿ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ದಾರ ಬಿಟ್ಟೆ. ಜೇಬು ಹೊರಗೆ ಎಳೆದು ಎಲ್ಲರಿಗೂ ತೋರಿಸಿದೆ. "ಏನೂ ಇಲ್ರಿ. ಖಾಲಿ."

ಸುಳ್ಳು. ಆದರೆ ಹೊಲಿಗೆ ನನ್ನದು, ಅದನ್ನು ಹರಿಯಲು ಮನಸ್ಸಾಗಲಿಲ್ಲ.

ವಾಪಸ್ ಬಂದು ಕೂತೆ. ಪುಡಿಂಗ್ ತಿಂದೆ. ಇನ್ನೊಂದು ಕೇಳಿದೆ, ಕೊಟ್ಟರು.

ಡಿಸೆಂಬರ್ 10. ಸೋಮವಾರ

ಬೆಳಿಗ್ಗೆಯೇ ಚಿರಂಜೀವಿಯವರ ಫೋನ್ ಬಂದಿತ್ತು. ವಸಂತಮ್ಮ ಕತ್ತರಿ ಟೇಬಲ್ ಮೇಲೆ ಕುಕ್ಕಿದರು.

"ಮಾತೇ ಬರಲ್ಲ ಅಂದ್ಕೊಂಡಿದ್ದೆ. ಬಂತು ನೋಡು, ನನ್ ಅಂಗ್ಡಿ ಮುಚ್ಸೋಕೆ ಬಂತು!"

"ನನ್ನ ಕುರ್ಚಿ ಇತ್ರಿ ಅದು."

"ಕುರ್ಚಿ ಅವ್ರಪ್ಪಂದು ಕಣೇ. ಅವ್ನ್ ಕರ್ಟನ್ ಆರ್ಡರ್ ನಿಲ್ಸಿದ್ರೆ ನಿನ್ ಮಷಿನ್ ಮೊದ್ಲು ನಿಲ್ಲೋದು. ಹೋಗಿ ತಪ್ಪಾಯ್ತು ಅಂತ ಹೇಳ್ತೀಯಾ?"

ಹೇಳುವುದಿಲ್ಲ ಅಂದೆ. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. ಅವರು ಒಂದು ರಾಶಿ ಬ್ಲೌಸ್ ನನ್ನ ಕಡೆ ತಳ್ಳಿದರು. "ಇನ್ನೊಂದ್ಸಲ ಆ ಕಡೆ ಸುದ್ದಿ ಆಯ್ತು ಅಂದ್ರೆ ಲೆಕ್ಕ ಚುಕ್ತಾ. ತಿಳೀತಾ?"

ತಿಳಿಯಿತು.

ಡಿಸೆಂಬರ್ 14. ಶುಕ್ರವಾರ

ನೀಲಪ್ಪ ಬಂದಿದ್ದರು. ವಸಂತಮ್ಮ ಇಲ್ಲದ ಹೊತ್ತು ನೋಡಿ.

"ಹೊಟ್ಟೆಪಾಡು ಕಣಮ್ಮ. ಆ ಸಾರ್ ಮುಂದೆ ಬಾಯಿ ಬರ್ಲಿಲ್ಲ."

"ನಂದೂ ಹೊಟ್ಟಿಪಾಡ ಅಲ್ಲೇನ್ರಿ?"

ಸ್ಟೂಲ್ ಕೊಟ್ಟೆ. ಕೂರಲಿಲ್ಲ, ಹೋದರು. ಮೂರು ದಿನದಿಂದ ಬರೆಯಲಾಗಿರಲಿಲ್ಲ. ಚಪ್ಪಾಳೆ, ಫೋನು, ವಸಂತಮ್ಮ, ಎಲ್ಲ ತಲೆಯಲ್ಲಿ. ತಪ್ಪು ಮಾಡಿದೆನೇ ಅಂತ ನೂರು ಸಲ ಕೇಳಿಕೊಂಡೆ. ಇಲ್ಲ. ಹೆದರಿಕೆ ಇದೆ. ತಪ್ಪು ಇಲ್ಲ.

ಡಿಸೆಂಬರ್ 17. ಸೋಮವಾರ, ಬೆಳಿಗ್ಗೆ 10

ಬರೆಯುತ್ತಿರುವುದು ಹಾರ್ಕೋರ್ಟ್ ಇನ್‌ನ ವರಾಂಡದಲ್ಲಿ. ಬೆತ್ತದ ಕುರ್ಚಿ.

ವೇಟರ್‌ಗಳ ಯೂನಿಫಾರಂ ರಿಪೇರಿ ಆಗಿತ್ತು. ವಸಂತಮ್ಮನಿಗೆ ಮಂಡಿ ನೋವು, ಕಳಿಸಲು ಬೇರೆ ಯಾರೂ ಇಲ್ಲ. "ಹಿಂದಿನ ಗೇಟಲ್ಲಿ ಕೊಟ್ಟು ಬಾ. ಯಾರ ಕಣ್ಣಿಗೂ ಬೀಳ್ಬೇಡ, ಕೈ ಮುಗೀತೀನಿ" ಅಂದರು. ಹಿಂದಿನ ಗೇಟಿನಲ್ಲೇ ಕೊಟ್ಟೆ. ಲೆಕ್ಕ ಮಾಡಿ ಕೊಟ್ಟೆ, ಅಂಗಡಿಯ ಕೆಲಸ ಅದು. ಸುತ್ತಿಕೊಂಡು ರಸ್ತೆಗೆ ಬಂದೆ. ಬಸ್ ಸ್ಟಾಪಿನವರೆಗೂ ಹೋದೆ. 335 ಬಂತು. ಹತ್ತಲಿಲ್ಲ.

ಮುಂದಿನ ಗೇಟಿಗೆ ಬಂದು ನಿಂತೆ.

"ಏನವ್ವಾ, ಇವತ್ತು ಯಾವ ಕಾರ್ಡು?" ಅಂದ ಹನುಮಂತಯ್ಯ.

"ಕಾರ್ಡ್ ಇಲ್ರಿ. ಚಾ ಕುಡೀಬೇಕು."

ಅವನು ಆ ಕಡೆ ಈ ಕಡೆ ನೋಡಿ, ಗೇಟಿನ ಎರಡೂ ಬಾಗಿಲು ತೆಗೆದ. ಒಂದು ತೆಗೆದಿದ್ದರೆ ಸಾಕಿತ್ತು.

ಮೆನು ತಂದು ಕೊಟ್ಟರು, ಇಂಗ್ಲಿಷ್. ಮುಚ್ಚಿಟ್ಟು ಬಾಯಲ್ಲೇ ಹೇಳಿದೆ. ಒಂದು ಟೀ, ಸಕ್ಕರೆ ಜಾಸ್ತಿ. ಒಳಗಿನ ಗಾಜಿನ ಬಾಗಿಲ ಆಚೆ ಚಿರಂಜೀವಿ ಫೋನಿನಲ್ಲಿದ್ದಾರೆ. ನೋಡಿದರು. ಫೋನ್ ಇಟ್ಟರು. ಈ ಕಡೆಗೇ ಬರುತ್ತಿದ್ದಾರೆ. ಅವರಿಗಿಂತ ಮುಂಚೆ ಟೀ ಬಂತು, ಪುಸ್ತಕ ಪಕ್ಕಕ್ಕಿಟ್ಟು ಕಪ್ಪು ಎತ್ತಿಕೊಳ್ಳುತ್ತೇನೆ. ಏಳುವುದಿಲ್ಲ.